ಪರದೆಯ ಮೇಲಿನ ಅಕ್ಷರ, ಕಡತದೊಳಗಿನ ಸಂಖ್ಯೆ: 2000ದ ಆಸುಪಾಸಿನಲ್ಲಿ ಕನ್ನಡ ಅಂತರಜಾಲಕ್ಕೆ ಬಂದ ಬಗೆ

ಮೈಸೂರಿನ ಸರಸ್ವತಿಪುರಂನಲ್ಲಿಯೋ ಮಂಡ್ಯದ ನ್ಯಾಯಾಲಯದ ಆಸುಪಾಸಿನಲ್ಲಿಯೋ ಇದ್ದ ಡಿಟಿಪಿ ಅಂಗಡಿಯೊಂದರಲ್ಲಿ 2001ರ ಸುಮಾರಿಗೆ ಟೈಪಾದ ಕನ್ನಡ ಕಡತವನ್ನು ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ, ಬಹುಪಾಲು ಸಂದರ್ಭಗಳಲ್ಲಿ ಕನ್ನಡವೇ ಕಾಣಿಸುವುದಿಲ್ಲ. ಅದರ ಜಾಗದಲ್ಲಿ ತಲೆಯ ಮೇಲೆ ಗೀಟು, ಚುಕ್ಕೆ, ಟೋಪಿ ಹೊತ್ತ ರೋಮನ್ ಅಕ್ಷರಗಳು ಸಾಲುಗಟ್ಟಿ ನಿಂತಿರುತ್ತವೆ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಕಡತವಾಗಿದ್ದರೆ ‘ಕನ್ನಡ’ ಎಂದು ಇರಬೇಕಾದ ಪದದ ನಟ್ಟನಡುವೆ ಬ್ರಿಟನ್ನಿನ ಪೌಂಡ್ ಹಣದ ಚಿಹ್ನೆಯೂ ಅದರ ಸನಿಹದಲ್ಲಿ ಜರ್ಮನ್ ಭಾಷೆಯ ಒಂದು ಅಕ್ಷರವೂ ಕಾಣಿಸುತ್ತವೆ. ಕಡತ ಕೆಟ್ಟಿರುವುದಿಲ್ಲ, ಅದಕ್ಕೆ ವೈರಸ್ ತಗುಲಿರುವುದೂ ಇಲ್ಲ. ಅಂದು ಅದರಲ್ಲಿ ಏನನ್ನು ಬರೆದಿಡಲಾಗಿತ್ತೋ ಅದೇ ಇಂದಿಗೂ ಇದೆ. ಅಂದು ಬರೆದಿಟ್ಟದ್ದು ಕನ್ನಡ ಅಕ್ಷರಗಳ ಆಕಾರದ ತುಂಡುಗಳನ್ನು. ಅಕ್ಷರಗಳನ್ನೇ ಬರೆದಿಡುವ ಕ್ರಮ ನಮ್ಮ ಕಂಪ್ಯೂಟರುಗಳಿಗೆ ಬಂದದ್ದು ಆಮೇಲೆ. ಹೊಸ ಸಹಸ್ರಮಾನದ ಹೊಸ್ತಿಲಿನಲ್ಲಿ ಕನ್ನಡಕ್ಕೆ ಸಂಬಂಧಿಸಿದಂತೆ ಆದ ಅತ್ಯಂತ ದೊಡ್ಡ ಬದಲಾವಣೆ ಇದೇ ಎಂಬುದು ನನ್ನ ನಂಬಿಕೆ.

ಆ ಕಾಲದ ವಾತಾವರಣವನ್ನು ಮೊದಲು ನೆನಪಿಸಿಕೊಳ್ಳಬೇಕು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲದ ಸೇವೆಯನ್ನು ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಆರಂಭಿಸಿತು. 1998ರ ಕೊನೆಯಲ್ಲಿ ಖಾಸಗಿ ಸಂಸ್ಥೆಗಳಿಗೂ ಈ ಸೇವೆ ನೀಡಲು ಅವಕಾಶ ದೊರೆಯಿತು. ಅದಾದ ಎರಡು ಮೂರು ವರ್ಷಗಳಲ್ಲಿ ಮೈಸೂರಿನ ಕಾಲೇಜುಗಳ ಸುತ್ತಮುತ್ತ, ಎಸ್‌ಟಿಡಿ ಬೂತುಗಳಿದ್ದ ಮಳಿಗೆಗಳಲ್ಲಿಯೇ, ಸೈಬರ್ ಕೆಫೆಗಳು ತಲೆಯೆತ್ತಿದವು. ಪತ್ರಿಕೆಗಳಲ್ಲಿ ಆಗ ವೈ2ಕೆ ಎಂಬ ಪದ ದಿನವೂ ಬರುತ್ತಿತ್ತು. ಹಳೆಯ ಕಂಪ್ಯೂಟರುಗಳಲ್ಲಿ ಜಾಗ ಉಳಿಸುವ ಸಲುವಾಗಿ ಇಸವಿಯ ಕೊನೆಯ ಎರಡು ಅಂಕಿಗಳನ್ನು ಮಾತ್ರ ಬರೆದಿಡುತ್ತಿದ್ದುದರಿಂದ, 1999 ಮುಗಿದು ಅಂಕಿಗಳು ‘00’ಕ್ಕೆ ತಿರುಗಿದಾಗ ಯಂತ್ರಗಳು ಅದನ್ನು 1900 ಎಂದು ತಿಳಿದು ಲೆಕ್ಕಗಳನ್ನೆಲ್ಲ ಕೆಡಿಸಬಹುದೆಂಬ ಆತಂಕ ಅದು. ಲಕ್ಷಗಟ್ಟಲೆ ಸಾಲುಗಳ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯ ಹಳೆಯ ಕ್ರಮವಿಧಿಗಳನ್ನು ಮುಂಚೆಯೇ ತಿದ್ದಿದ್ದರಿಂದ ದೊಡ್ಡ ಅನಾಹುತ ಆಗಲಿಲ್ಲ. ಆ ತಿದ್ದುವ ಕೆಲಸವೇ ಭಾರತದ ಸಾಫ್ಟ್‌ವೇರ್ ಸಂಸ್ಥೆಗಳಿಗೆ ಅಮೆರಿಕದ ಬಾಗಿಲನ್ನು ಅಗಲವಾಗಿ ತೆರೆಯಿತು. ಜಾಗ ಉಳಿಸಲು ಹಿಂದಿನವರು ಮಾಡಿದ ಮಿತವ್ಯಯವು ಮುಂದಿನವರಿಗೆ ಕಷ್ಟವಾಗಿ ಬರುತ್ತದೆ ಎಂಬುದನ್ನು ಈ ಪ್ರಕರಣದಿಂದ ಇಡೀ ಜಗತ್ತು ಕಂಡಿತು. ಕನ್ನಡದ ಅಕ್ಷರಗಳ ತೊಂದರೆಯೂ ಅಂಥದೇ ಮಿತವ್ಯಯದಿಂದ ಹುಟ್ಟಿದ್ದು. ಅದಕ್ಕೆ ಮಾತ್ರ ನಿಗದಿಯಾದ ಗಡುವು ಇರಲಿಲ್ಲ, ಆದ್ದರಿಂದ ಅಷ್ಟೊಂದು ಗಮನವೂ ಸಿಗಲಿಲ್ಲ.

ತಂತಿಯ ವೇಗದ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಬಹಳಷ್ಟು ಸಂಗತಿಗಳು ಅದನ್ನು ಅವಲಂಬಿಸಿವೆ. ಮಾತನಾಡಲೆಂದು ಕಟ್ಟಿದ ದೂರವಾಣಿ ವ್ಯವಸ್ಥೆಯು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತಿತ್ತು. ಕಂಪ್ಯೂಟರಿನ ಸೊನ್ನೆ ಮತ್ತು ಒಂದುಗಳನ್ನು ಈ ಮಿತಿಯೊಳಗಿನ ಧ್ವನಿಯಾಗಿ ಮಾರ್ಪಡಿಸುವುದು ಮೋಡೆಮ್‌ನ ಕೆಲಸ. ಸಂಪರ್ಕ ಸಿಗುವಾಗ ಕೇಳಿಬರುತ್ತಿದ್ದ ಕಿರುಗುಟ್ಟುವ ಸದ್ದು, ಎರಡು ತುದಿಯ ಮೋಡೆಮ್‌ಗಳು ಯಾವ ವೇಗದಲ್ಲಿ ವ್ಯವಹರಿಸಬೇಕೆಂದು ಗೊತ್ತುಮಾಡಿಕೊಳ್ಳುತ್ತಿದ್ದ ಸದ್ದು. ದೂರವಾಣಿ ವಿನಿಮಯ ಕೇಂದ್ರವು ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ, ಅಂದರೆ ಎಂಟು ಸೊನ್ನೆ-ಒಂದುಗಳಲ್ಲಿ, ದಾಖಲಿಸುವುದರಿಂದ, ಒಂದು ದೂರವಾಣಿ ಕರೆಯ ಮೇಲೆ ಸೆಕೆಂಡಿಗೆ 64 ಕಿಲೋಬಿಟ್‌ಗಿಂತ ಹೆಚ್ಚು ಸಾಗುವುದು ಸಾಧ್ಯವೇ ಇರಲಿಲ್ಲ. 1998ರಲ್ಲಿ ಬಂದ ವಿ.90 ಮಾನದಂಡವು ಇಳಿಕೆಯ (ಡೌನ್‌ಲೋಡ್) ವೇಗವನ್ನು 56 ಕಿಲೋಬಿಟ್‌ಗೆ ತಂದಿತು. ನಿಜವಾಗಿ ಸಿಗುತ್ತಿದ್ದುದು ಅದಕ್ಕಿಂತ ಕಡಿಮೆ. ಒಂದೇ ತಂತಿಯನ್ನು ಐದು ಕಂಪ್ಯೂಟರುಗಳು ಹಂಚಿಕೊಂಡ ಕೆಫೆಯಲ್ಲಿ ಒಬ್ಬೊಬ್ಬರ ಪಾಲಿಗೆ ಹೆಚ್ಚೆಂದರೆ 11 ಕಿಲೋಬಿಟ್ ಉಳಿಯುತ್ತಿತ್ತು. 100 ಕಿಲೋಬೈಟ್ (ಒಂದು ಬೈಟ್ ಎಂದರೆ 8 ಬಿಟ್) ತೂಗುವ ಪುಟವೊಂದು ಆ ಪಾಲಿನಲ್ಲಿ ಪೂರ್ತಿ ತೆರೆದುಕೊಳ್ಳಲು ಒಂದು ನಿಮಿಷಕ್ಕೂ ಮೀರಿದ ಸಮಯ ಬೇಕು. ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಕುಳಿತವರಿಗೆ ಅದು ಸಣ್ಣ ವಿಷಯವಲ್ಲ.

ಈಗ ಅಕ್ಷರದ ವಿಷಯಕ್ಕೆ ಬರೋಣ. ಕಂಪ್ಯೂಟರಿಗೆ ತಿಳಿಯುವುದು ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾವ ಅಕ್ಷರ ಎಂದು ಮೊದಲೇ ಒಪ್ಪಂದ ಮಾಡಿಕೊಂಡರೆ ಬರಹವನ್ನು ಸಂಖ್ಯೆಗಳ ಸಾಲಾಗಿ ಬರೆದಿಡಬಹುದು. ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಒಪ್ಪಂದದಲ್ಲಿ 128 ಸ್ಥಾನಗಳಿದ್ದವು. ಇಂಗ್ಲಿಷ್ ಅಕ್ಷರಗಳು, ಅಂಕಿಗಳು, ವಿರಾಮಚಿಹ್ನೆಗಳು ಅದರಲ್ಲಿ ಹಿಡಿದವು. ಒಂದು ಬೈಟ್‌ನಲ್ಲಿ ಒಟ್ಟು 256 ಸಂಖ್ಯೆಗಳನ್ನು ಬರೆಯಬಹುದಾದ್ದರಿಂದ, ಮಿಕ್ಕ 128 ಸ್ಥಾನಗಳನ್ನು ಪಶ್ಚಿಮ ಯೂರೋಪಿನ ಭಾಷೆಗಳ ಗೀಟು-ಚುಕ್ಕೆಗಳ ಅಕ್ಷರಗಳಿಗೂ ಪೌಂಡ್‌ನಂಥ ಚಿಹ್ನೆಗಳಿಗೂ ಕೊಡಲಾಯಿತು. ಕನ್ನಡಕ್ಕೆ ಅಲ್ಲಿ ಸ್ಥಾನವಿರಲಿಲ್ಲ. ನಮ್ಮ ವರ್ಣಮಾಲೆಯಲ್ಲಿ ಐವತ್ತರಷ್ಟೇ ಅಕ್ಷರಗಳಿದ್ದರೂ, ಪ್ರತಿ ವ್ಯಂಜನಕ್ಕೂ ಗುಣಿತ, ಪ್ರತಿ ಗುಣಿತಕ್ಕೂ ಒತ್ತಕ್ಷರ ಸೇರಿದಾಗ ಕಣ್ಣಿಗೆ ಕಾಣುವ ರೂಪಗಳು ಸಾವಿರಾರು ಆಗುತ್ತವೆ. ಅವೆಲ್ಲಕ್ಕೂ ಒಂದೊಂದು ಸಂಖ್ಯೆ ಕೊಡಲು 256 ಸ್ಥಾನಗಳು ಸಾಲುವುದಿಲ್ಲ.

ಡಿಟಿಪಿ ತಂತ್ರಾಂಶಗಳನ್ನು ರೂಪಿಸಿದವರು ಇದಕ್ಕೆ ಕಂಡುಕೊಂಡ ಉಪಾಯ ಹಳೆಯ ಮುದ್ರಣಾಲಯಗಳ ಮೊಳೆ ಜೋಡಣೆಯಂಥದು. ತಲೆಕಟ್ಟು ಒಂದು ಮೊಳೆ, ಕೊಂಬು ಒಂದು ಮೊಳೆ, ದೀರ್ಘದ ಬಾಲ ಇನ್ನೊಂದು, ಒತ್ತು ಮತ್ತೊಂದು. ಇವನ್ನು ಬೇರೆ ಬೇರೆಯಾಗಿ ಇಟ್ಟುಕೊಂಡು ಬೇಕಾದಂತೆ ಜೋಡಿಸಿದರೆ ಸುಮಾರು 200 ತುಂಡುಗಳಲ್ಲಿ ಇಡೀ ಕನ್ನಡವನ್ನು ಬರೆಯಬಹುದು. ಈ ತುಂಡುಗಳನ್ನು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸ್ಥಾನಗಳಲ್ಲಿಯೇ ಕೂರಿಸಿದ ಫಾಂಟ್‌ಗಳನ್ನು ತಯಾರಿಸಲಾಯಿತು. ಕಂಪ್ಯೂಟರ್ ತನ್ನ ಮಟ್ಟಿಗೆ ರೋಮನ್ ಅಕ್ಷರವನ್ನೇ ಬರೆಯುತ್ತಿದ್ದರೂ, ಫಾಂಟ್ ಅದಕ್ಕೆ ಕನ್ನಡದ ವೇಷ ತೊಡಿಸಿ ಪರದೆಗೂ ಕಾಗದಕ್ಕೂ ಕಳಿಸುತ್ತಿತ್ತು. ಲಗ್ನಪತ್ರಿಕೆ, ಕರಪತ್ರ, ಪ್ರಬಂಧ, ಪುಸ್ತಕ ಎಲ್ಲವೂ ಅಂದವಾಗಿ ಅಚ್ಚಾದವು. ಕಾಗದದ ಮೇಲೆ ಇಳಿಯುವವರೆಗೆ ಈ ಏರ್ಪಾಡಿನಲ್ಲಿ ಯಾವ ದೋಷವೂ ಇರಲಿಲ್ಲ. ಆ ಹೊತ್ತಿಗೆ ಅದೊಂದು ಜಾಣ ಪರಿಹಾರವೇ ಆಗಿತ್ತು ಎಂದು ಒಪ್ಪಿಕೊಳ್ಳಬೇಕು.

‘ಮೈಸೂರು’ ಎಂಬ ಪದವನ್ನೇ ತೆಗೆದುಕೊಂಡು ನೋಡಿದರೆ ಇದರ ಒಳಗು ಸ್ಪಷ್ಟವಾಗುತ್ತದೆ. ನುಡಿ ತಂತ್ರಾಂಶದ ಹಳೆಯ ಸಂಕೇತದಲ್ಲಿ ಈ ಪದಕ್ಕೆ 10 ತುಂಡುಗಳು ಬೇಕು. ಅದರಲ್ಲಿ ‘ಮ’ ಎಂಬ ಅಕ್ಷರವೇ ಇಲ್ಲ. ‘ವ’ದ ಆಕಾರಕ್ಕೆ ಕೊಂಬನ್ನು ಅಂಟಿಸಿದರೆ ‘ಮ’ದಂತೆ ಕಾಣುವುದರಿಂದ, ಎತ್ವ ಸೇರಿದ ‘ವ’ಕಾರ, ಅದಕ್ಕೊಂದು ಕೊಂಬು, ಕೊನೆಯಲ್ಲಿ ಐತ್ವದ ಗುರುತು ಎಂದು ಜೋಡಿಸಿ ‘ಮೈ’ಯನ್ನು ಕಟ್ಟಲಾಗುತ್ತದೆ. ಪದದ ಕೊನೆಯ ‘ರು’ವಿನಲ್ಲಿರುವ ಉಕಾರದ ಕೊಂಬು ಮತ್ತು ‘ಮೈ’ಯೊಳಗಿನ ಈ ಕೊಂಬು ಕಂಪ್ಯೂಟರಿಗೆ ಒಂದೇ ಸಂಖ್ಯೆ. ‘ಸೂರ್ಯ’ ಎಂಬ ಪದದಲ್ಲಿ ಇನ್ನೂ ಎರಡು ವಿಚಿತ್ರಗಳಿವೆ. ‘ಯ’ದ ಎಡಗಡೆಯ ಸುರುಳಿಗೆ ಅನುಸ್ವಾರದ ಸೊನ್ನೆಯನ್ನೇ ಬಳಸಿಕೊಳ್ಳಲಾಗಿದೆ; ‘ಯ’ಕ್ಕಿಂತ ಮೊದಲು ಉಚ್ಚರಿಸುವ ರಕಾರವು ಅರ್ಕಾವತ್ತಿನ ರೂಪದಲ್ಲಿ ಕಣ್ಣಿಗೆ ಕೊನೆಯಲ್ಲಿ ಕಾಣುವುದರಿಂದ, ಕಡತದಲ್ಲಿಯೂ ಕೊನೆಯಲ್ಲಿಯೇ ದಾಖಲಾಗಿದೆ. ಓದುವ ಮನುಷ್ಯನಿಗೆ ಇದರಿಂದ ಏನೂ ಅಡ್ಡಿಯಿಲ್ಲ. ಆದರೆ ಆ ಕಡತದಲ್ಲಿ ‘ಸೂಂ’ ಎಂದು ಹುಡುಕಿದರೆ ‘ಸೂರ್ಯ’ ಸಿಗುತ್ತದೆ, ‘ಸೂರ’ ಎಂದು ಹುಡುಕಿದರೆ ಸಿಗುವುದಿಲ್ಲ.

ಅಕಾರಾದಿಯಾಗಿ ಜೋಡಿಸುವಾಗ ತೊಂದರೆ ಇನ್ನೂ ಹೆಚ್ಚು. ಸಾಮಾನ್ಯ ತಂತ್ರಾಂಶವು ಸಂಖ್ಯೆಯ ಏರಿಕೆಯ ಕ್ರಮವನ್ನು ಮಾತ್ರ ನೋಡುತ್ತದೆ. ನುಡಿಯ ಸಂಕೇತದಲ್ಲಿ ‘ಯ’ವು ಸೊನ್ನೆಯ ತುಂಡಿನಿಂದ ಆರಂಭವಾಗುವುದರಿಂದಲೂ ಆ ತುಂಡಿನ ಸಂಖ್ಯೆ ‘ಅ’ಕಾರದ ಸಂಖ್ಯೆಗಿಂತ ಚಿಕ್ಕದಾಗಿರುವುದರಿಂದಲೂ, ಯಶೋದಾ ಎಂಬ ಹೆಸರು ಅನಂತ ಎಂಬ ಹೆಸರಿಗಿಂತ ಮುಂದೆ ಬಂದು ಕುಳಿತುಕೊಳ್ಳುತ್ತದೆ. ‘ಮ’ ಮತ್ತು ‘ವ’ ಎರಡೂ ಒಂದೇ ತುಂಡಿನಿಂದ ಹುಟ್ಟುವ ಕಾರಣ ಮಹದೇವ, ವಸಂತ, ಮಂಜುಳಾ, ವನಜಾ ಎಲ್ಲರೂ ಒಂದೇ ಗುಂಪಿನಲ್ಲಿ ಬೆರೆತುಹೋಗುತ್ತಾರೆ. ಕಾಲೇಜಿನ ದಾಖಲಾತಿಯ ಪಟ್ಟಿ, ಮತದಾರರ ಪಟ್ಟಿ, ಗ್ರಂಥಾಲಯದ ಸೂಚಿ, ನಿಘಂಟು ಇಂಥ ಕೆಲಸಗಳಿಗೆ ಪ್ರತ್ಯೇಕ ವಿಂಗಡಣಾ ಸಾಧನಗಳನ್ನು ಬರೆದುಕೊಳ್ಳಬೇಕಾಗಿ ಬಂದದ್ದು ಈ ಕಾರಣಕ್ಕೆ.

ಇಷ್ಟೇ ಆಗಿದ್ದರೂ ನಿಭಾಯಿಸಬಹುದಿತ್ತು. ಆದರೆ ಪ್ರತಿಯೊಂದು ಸಂಸ್ಥೆಯೂ ತುಂಡುಗಳನ್ನು ತನಗೆ ತೋಚಿದ ಸ್ಥಾನಗಳಲ್ಲಿ ಕೂರಿಸಿತ್ತು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದ ತಂತ್ರಾಂಶಗಳಲ್ಲಿ ಒಂದರ ಕಡತ ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ಮಂಡ್ಯದಲ್ಲಿ ಟೈಪ್ ಮಾಡಿಸಿದ ಲೇಖನವನ್ನು ಮೈಸೂರಿನ ಮುದ್ರಣಾಲಯಕ್ಕೆ ಫ್ಲಾಪಿಯಲ್ಲಿ ಒಯ್ಯುವವರು ಫಾಂಟನ್ನೂ ಜೊತೆಗೆ ಒಯ್ಯಬೇಕಿತ್ತು. ಇಂಥ ಸಮಯದಲ್ಲಿ ಮೂರು ಪ್ರಯತ್ನಗಳು ಪರಿಸ್ಥಿತಿಯನ್ನು ಗಣನೀಯವಾಗಿ ಹಗುರ ಮಾಡಿದವು. ಕೆ. ಪಿ. ರಾವ್ ಅವರು ಕನ್ನಡವನ್ನು ಉಚ್ಚಾರಣೆಯ ಕ್ರಮದಲ್ಲಿಯೇ ಟೈಪ್ ಮಾಡುವ ಸರಳ ಕೀಲಿಮಣೆ ವಿನ್ಯಾಸವನ್ನು ಕೊಟ್ಟರು. ಕ, ಎಫ್ ಕೀಲಿ, ಷ ಎಂದು ಒತ್ತಿದರೆ ‘ಕ್ಷ’ ಮೂಡುವ ಈ ವಿನ್ಯಾಸವನ್ನು ಮುಂದೆ ರಾಜ್ಯ ಸರ್ಕಾರ ಪ್ರಮಾಣವೆಂದು ಅಂಗೀಕರಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದು, ಇಂಗ್ಲಿಷ್ ಕೀಲಿಗಳಲ್ಲಿ ಕನ್ನಡದ ಉಚ್ಚಾರಣೆಯನ್ನು ಒತ್ತಿ ಕನ್ನಡ ಪಡೆಯುವುದನ್ನು ಮನೆಯ ಬಳಕೆದಾರರಿಗೂ ಎಟುಕಿಸಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯು ಉಚಿತವಾಗಿ ಸಿಕ್ಕಿದ್ದರಿಂದ ಸರ್ಕಾರಿ ಕಚೇರಿಗಳೂ ಡಿಟಿಪಿ ಅಂಗಡಿಗಳೂ ಕ್ರಮೇಣ ಒಂದೇ ಸಂಕೇತಕ್ಕೆ ಬಂದವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಟೈಪ್ ಮಾಡುವವರು ಒತ್ತುತ್ತಿದ್ದುದು ಅಕ್ಷರವನ್ನೇ. ‘ಸೂರ್ಯ’ವನ್ನು ಒತ್ತುವಾಗ ರಕಾರ ಮೊದಲು, ಯಕಾರ ಆಮೇಲೆ. ಕೀಲಿಮಣೆಯಿಂದ ಬಂದ ಈ ಶುದ್ಧ ಕ್ರಮವನ್ನು ತಂತ್ರಾಂಶವು ಆಕಾರದ ತುಂಡುಗಳಾಗಿ ಒಡೆದು, ಒಡೆದ ತುಂಡುಗಳನ್ನು ಮಾತ್ರ ಕಡತದಲ್ಲಿ ಉಳಿಸುತ್ತಿತ್ತು. ಅಂದರೆ ಅಕ್ಷರದ ಅರಿವು ಬೆರಳಿನ ತುದಿಯಿಂದ ಯಂತ್ರದೊಳಕ್ಕೆ ಬಂದು, ಉಳಿಸುವ ಹಂತದಲ್ಲಿ ಕಳೆದುಹೋಗುತ್ತಿತ್ತು. ಹಲವು ಸಂಕೇತಗಳ ಗೊಂದಲವನ್ನು ಕೊನೆಗಾಣಿಸಿದ ನುಡಿಯ ಉಪಕಾರವನ್ನು ಕನ್ನಡಿಗರು ಮರೆಯಬಾರದು. ಅದರ ಯಶಸ್ಸಿನಿಂದಾಗಿಯೇ ತುಂಡುಗಳ ಪದ್ಧತಿ ನಮ್ಮ ಕಚೇರಿಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಕಾಲ ಬದುಕಿತು ಎಂಬುದನ್ನೂ ಹೇಳದೆ ಇರಲಾಗದು.

ಅಂತರಜಾಲದಲ್ಲಿ ಕನ್ನಡ ಕಾಣಿಸಿಕೊಂಡದ್ದು ಈ ತುಂಡುಗಳ ಕಾಲದಲ್ಲಿಯೇ. ಯು. ಬಿ. ಪವನಜ ಅವರ ‘ವಿಶ್ವಕನ್ನಡ’ ತಾಣ 1996ರಲ್ಲಿಯೇ ಆರಂಭವಾಗಿತ್ತು. ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣುತ್ತಿರಲಿಲ್ಲವಾದ್ದರಿಂದ, ಕನ್ನಡ ತಾಣಗಳ ಮೊದಲ ಪುಟದಲ್ಲಿ ಫಾಂಟ್ ಇಳಿಸಿಕೊಳ್ಳುವ ಸೂಚನೆ ಇರುವುದು ವಾಡಿಕೆಯಾಯಿತು. ಸ್ವಂತ ಕಂಪ್ಯೂಟರ್ ಇದ್ದವರು ಸೂಚನೆಯಂತೆ ಮಾಡಬಹುದಿತ್ತು. ಕೆಫೆಯ ಕಂಪ್ಯೂಟರಿನಲ್ಲಿ ಅದಕ್ಕೆ ಮಾಲೀಕರ ಒಪ್ಪಿಗೆ ಬೇಕಿತ್ತು. ಕೆಲವರು ಕನ್ನಡದ ಪುಟವನ್ನು ಚಿತ್ರವಾಗಿಯೇ ಮಾಡಿ ಹಾಕಿದರು. ಮೇಲೆ ಹೇಳಿದ 11 ಕಿಲೋಬಿಟ್‌ನ ಲೆಕ್ಕವನ್ನು ಇಲ್ಲಿ ನೆನೆದರೆ, ಅಂಥ ಪುಟವೊಂದನ್ನು ಓದಲು ಎಷ್ಟು ತಾಳ್ಮೆ ಬೇಕಿತ್ತೆಂಬುದು ತಿಳಿಯುತ್ತದೆ. ಪುಟದ ಜೊತೆಗೆ ಫಾಂಟನ್ನೂ ತಾತ್ಕಾಲಿಕವಾಗಿ ಕಳಿಸುವ ಡೈನಮಿಕ್ ಫಾಂಟ್ ತಂತ್ರ 1997ರ ಸುಮಾರಿಗೆ ಬಂದಿತಾದರೂ, ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿಗೆ ಒಂದು ಬಗೆ, ನೆಟ್‌ಸ್ಕೇಪ್ ಬ್ರೌಸರಿಗೆ ಇನ್ನೊಂದು ಬಗೆಯ ಫಾಂಟ್ ಕಡತ ಬೇಕಾಗುತ್ತಿತ್ತು. ಕಣ್ಣಿಗೆ ಕನ್ನಡ ಕಂಡರೂ ಶೋಧಕ ಯಂತ್ರದ ಪಾಲಿಗೆ ಆ ಪುಟ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿಯೇ ಉಳಿಯಿತು.

ಪರಿಹಾರದ ಬೇರು ಇದಕ್ಕಿಂತ ಹಿಂದಿನದು. ಭಾರತೀಯ ಲಿಪಿಗಳಿಗೆಲ್ಲ ಅಕ್ಷರದ ಮಟ್ಟದಲ್ಲಿಯೇ ಸಂಖ್ಯೆ ಕೊಡುವ ಇಸ್ಕಿ ಎಂಬ ಭಾರತೀಯ ಮಾನದಂಡ 1980ರ ದಶಕದಲ್ಲಿ ಸಿದ್ಧವಾಗಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನ ಕೊಡಲು ಹೊರಟ ಯೂನಿಕೋಡ್, ಭಾರತೀಯ ಲಿಪಿಗಳ ಮಟ್ಟಿಗೆ 1988ರ ಇಸ್ಕಿಯನ್ನು ಆಧಾರವಾಗಿಟ್ಟುಕೊಂಡಿತು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗ ಮೀಸಲಾಯಿತು. ಇಲ್ಲಿ ‘ಮ’ ಎಂದರೆ ‘ಮ’ವೇ. ‘ಮೈಸೂರು’ ಎಂಬುದು ಮ, ಐತ್ವ, ಸ, ಊಕಾರ, ರ, ಉಕಾರ ಎಂಬ 6 ಸಂಕೇತಗಳು. ‘ಮಂಡ್ಯ’ವು ಮ, ಅನುಸ್ವಾರ, ಡ, ವಿರಾಮ (ವ್ಯಂಜನದ ಸ್ವರವನ್ನು ತೆಗೆಯುವ ಗುರುತು), ಯ ಎಂಬ 5 ಸಂಕೇತಗಳು. ಒತ್ತಕ್ಷರಕ್ಕೆ ಬೇರೆ ಸಂಖ್ಯೆಯ ಅಗತ್ಯವಿಲ್ಲ. ಎರಡು ವ್ಯಂಜನಗಳ ನಡುವೆ ವಿರಾಮದ ಗುರುತು ಇದ್ದರೆ ಎರಡನೆಯದು ಒತ್ತಾಗಬೇಕೆಂದು ಅರ್ಥ. ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಬರೆದಿಡಲಾಗುತ್ತದೆ. ಅದಕ್ಕೆ ಕಣ್ಣಿಗೆ ಒಪ್ಪುವ ರೂಪ ಕೊಡುವ ಹೊಣೆ ಕಾರ್ಯಾಚರಣ ವ್ಯವಸ್ಥೆಯೊಳಗಿನ ರೂಪಣೆಯ ಭಾಗಕ್ಕೂ ಓಪನ್‌ಟೈಪ್ ಎಂಬ ಬಗೆಯ ಫಾಂಟಿಗೂ ಸೇರಿದ್ದು. ‘ಸೂರ್ಯ’ದಲ್ಲಿ ರ, ವಿರಾಮ, ಯ ಎಂಬ ಕ್ರಮವನ್ನು ಕಂಡು ರಕಾರವನ್ನು ಅರ್ಕಾವತ್ತಾಗಿ ಯಕಾರದ ಬಲಕ್ಕೆ ಒಯ್ಯುವುದು ತೋರಿಸುವ ಹೊತ್ತಿನಲ್ಲಿ ನಡೆಯುವ ಕೆಲಸ, ಕಡತದಲ್ಲಿ ಕ್ರಮ ಬದಲಾಗುವುದಿಲ್ಲ.

ನಿಯಮ ಹೀಗಿದ್ದರೂ ಎಲ್ಲ ಕಡೆ ಅರ್ಕಾವತ್ತೇ ಬೇಕಾಗುವುದಿಲ್ಲ. ಫಲಿತಾಂಶದ ದಿನ ಕಾಲೇಜಿನ ಫಲಕದಲ್ಲಿ ಕಾಣುವ ‘ರ‍್ಯಾಂಕ್’ ಎಂಬ ಪದದಲ್ಲಿ ರಕಾರ ಪೂರ್ಣವಾಗಿದ್ದು ಯಕಾರ ಒತ್ತಾಗಬೇಕು. ಇದಕ್ಕಾಗಿ ರಕಾರಕ್ಕೂ ವಿರಾಮಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತವನ್ನು ಇಡುವ ಕ್ರಮ ಬಂದಿತು. ಹಳೆಯ ಕಡತಗಳನ್ನು ಪರಿವರ್ತಿಸುವವರು ಇಂದಿಗೂ ಎಡವುವ ಜಾಗಗಳಲ್ಲಿ ಇದೊಂದು.

ಯೂನಿಕೋಡ್ ಕನ್ನಡದ ವಿರುದ್ಧ ಆಗ ಒಂದು ಆಕ್ಷೇಪ ಕೇಳಿಬರುತ್ತಿತ್ತು: ಅದಕ್ಕೆ ಜಾಗ ಹೆಚ್ಚು ಬೇಕು. ಆಕ್ಷೇಪ ಸುಳ್ಳಲ್ಲ. ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಎಂಬ ರೀತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ ‘ಮೈಸೂರು’ 18 ಬೈಟ್ ಆಗುತ್ತದೆ. ನುಡಿಯ ತುಂಡುಗಳಲ್ಲಿ ಅದು 10 ಬೈಟ್. ಆದರೆ 2,000 ಸಂಕೇತಗಳ ಒಂದು ಪುಟವೇ 6 ಕಿಲೋಬೈಟಿನಷ್ಟು, ಅಂದರೆ ಪೂರ್ತಿ ವೇಗದ ಡಯಲ್-ಅಪ್ ತಂತಿಯಲ್ಲಿ ಒಂದು ಸೆಕೆಂಡಿನ ಕೆಲಸ. ಚಿತ್ರವಾಗಿ ಹಾಕಿದ ಪುಟಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಹುಡುಕಲು, ಜೋಡಿಸಲು, ಇನ್ನೊಂದು ಯಂತ್ರದಲ್ಲಿ ತೆರೆಯಲು ಬರುವ ಬರಹಕ್ಕಾಗಿ ಇಷ್ಟು ತೆರುವುದು ಹೆಚ್ಚಲ್ಲ.

ಸಂಕೇತ 1991ರಲ್ಲಿಯೇ ಇದ್ದರೂ ಅದನ್ನು ತೋರಿಸಬಲ್ಲ ಕಂಪ್ಯೂಟರ್ ಸಾಮಾನ್ಯ ಬಳಕೆದಾರರ ಮುಂದೆ ಬಂದದ್ದು ಹತ್ತು ವರ್ಷಗಳ ಬಳಿಕ. ವಿಂಡೋಸ್ 2000 ಹಿಂದಿ, ತಮಿಳುಗಳಿಗೆ ನೆಲೆ ಕೊಟ್ಟಿತ್ತು. ಕನ್ನಡ ಸೇರಿದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಡನೆ. ಅದೂ ತಾನಾಗಿಯೇ ಸಿದ್ಧವಿರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪ್ರಾದೇಶಿಕ ಭಾಷೆಗಳ ಆಯ್ಕೆಗೆ ಹೋಗಿ, ಸಂಕೀರ್ಣ ಲಿಪಿಗಳ ಬೆಂಬಲವನ್ನು ಗುರುತು ಹಾಕಿ, ವಿಂಡೋಸ್‌ನ ಮೂಲ ಸಿಡಿಯನ್ನು ಹಾಕಬೇಕಿತ್ತು. ವಿಂಡೋಸ್ 98 ಓಡುತ್ತಿದ್ದ ಕೆಫೆಗಳಲ್ಲಿ ಯೂನಿಕೋಡ್ ಕನ್ನಡ ಸಾಮಾನ್ಯವಾಗಿ ಚೌಕಗಳ ಸಾಲಾಗಿ ಕಾಣುತ್ತಿತ್ತು. ಹೀಗಾಗಿ 2003ರ ಜೂನ್‌ನಲ್ಲಿ ಕನ್ನಡ ವಿಕಿಪೀಡಿಯ ಆರಂಭವಾದಾಗ, ಅದನ್ನು ಸರಿಯಾಗಿ ಓದಬಲ್ಲ ಯಂತ್ರಗಳೇ ನಮ್ಮ ಊರುಗಳಲ್ಲಿ ವಿರಳವಾಗಿದ್ದವು. ಆ ಸ್ಥಿತಿಯಲ್ಲಿಯೂ ಯೂನಿಕೋಡಿನಲ್ಲಿಯೇ ಬರೆಯುತ್ತೇವೆಂದು ಹಟ ಹಿಡಿದವರಿಂದಾಗಿ ಅಂದಿನ ಆ ಬರಹಗಳು ಇಂದು ಮೊಬೈಲಿನಲ್ಲಿ ಒಂದಕ್ಷರವೂ ಕೆಡದೆ ತೆರೆದುಕೊಳ್ಳುತ್ತಿವೆ.

ಉಳಿದಿರುವ ಪ್ರಶ್ನೆ ಹಳೆಯ ಕಡತಗಳದು. ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಲು 2014ರಲ್ಲಿ ಮುಂದಾದದ್ದು ಬಹಳ ದೊಡ್ಡ ಹೆಜ್ಜೆ. 1969ರಿಂದ ಮೈಸೂರಿನಲ್ಲಿರುವ ಭಾರತೀಯ ಭಾಷಾ ಸಂಸ್ಥಾನವು ಮಾಡುತ್ತ ಬಂದಿರುವ ಪಠ್ಯಭಂಡಾರದ ಕೆಲಸವೂ, ಒಂದು ಪದ ಎಷ್ಟು ಬಾರಿ, ಯಾವ ಸಂದರ್ಭದಲ್ಲಿ ಬಂದಿದೆ ಎಂದು ಎಣಿಸುವ ಯಾವುದೇ ಸಂಶೋಧನೆಯೂ ಅಕ್ಷರದ ಮಟ್ಟದ ಸಂಕೇತವಿಲ್ಲದೆ ಸಾಗುವುದಿಲ್ಲ. ಆದರೆ ತುಂಡುಗಳ ಪದ್ಧತಿ ನಡೆಯುತ್ತಿದ್ದ ವರ್ಷಗಳಲ್ಲಿ ಟೈಪಾದ ಪಿಎಚ್.ಡಿ. ಪ್ರಬಂಧಗಳು, ಹಳ್ಳಿಗಳಲ್ಲಿ ಸಂಗ್ರಹಿಸಿದ ಜನಪದ ಗೀತೆಗಳು, ಸ್ಮರಣಸಂಚಿಕೆಗಳು, ಸಹಕಾರ ಸಂಘಗಳ ವರದಿಗಳು ಇನ್ನೂ ತುಂಡುಗಳ ರೂಪದಲ್ಲಿಯೇ ಮನೆಗಳಲ್ಲಿ ಉಳಿದಿವೆ.

ಅವನ್ನು ಪರಿವರ್ತಿಸುವುದು ಕಷ್ಟವಲ್ಲ, ಆದರೆ ಎಚ್ಚರ ಬೇಕು. ಪರಿವರ್ತಕವು ‘ವ’ ಮತ್ತು ಕೊಂಬು ಸೇರಿದ್ದನ್ನು ‘ಮ’ವೆಂದು ಗುರುತಿಸಬೇಕು, ಸೊನ್ನೆಯು ಅನುಸ್ವಾರವೋ ‘ಯ’ದ ಸುರುಳಿಯೋ ಎಂದು ಮುಂದಿನ ತುಂಡನ್ನು ನೋಡಿ ತೀರ್ಮಾನಿಸಬೇಕು, ಕೊನೆಯಲ್ಲಿರುವ ಅರ್ಕಾವತ್ತನ್ನು ಹಿಂದಕ್ಕೆ ತಂದು ರಕಾರವಾಗಿಸಬೇಕು. ಎಲ್ಲಕ್ಕಿಂತ ಕಷ್ಟ ಇಂಗ್ಲಿಷ್ ಬೆರೆತ ಬರಹದ್ದು. ಇಂಗ್ಲಿಷಿನ ‘ಪಿ’ ಮತ್ತು ಕನ್ನಡದ ‘ಕ’ಕಾರದ ತುಂಡು ಎರಡಕ್ಕೂ ಒಂದೇ ಸಂಖ್ಯೆ, ಯಾವುದು ಯಾವ ಫಾಂಟಿನಲ್ಲಿದೆ ಎಂಬ ಮಾಹಿತಿಯೊಂದೇ ಅವನ್ನು ಬೇರ್ಪಡಿಸುತ್ತದೆ. ಕಡತವನ್ನು ಬರಿಯ ಪಠ್ಯವಾಗಿ ಉಳಿಸಿದರೆ ಆ ಮಾಹಿತಿಯೂ ಅಳಿಸಿಹೋಗುತ್ತದೆ. ಆದ್ದರಿಂದ ಮೂಲದ ವರ್ಡ್ ಅಥವಾ ಪೇಜ್‌ಮೇಕರ್ ಕಡತವನ್ನು ಹಾಗೆಯೇ ಉಳಿಸಿಕೊಂಡು, ಅದರ ನಕಲೊಂದನ್ನು ಪರಿವರ್ತಿಸಿ, ಮುದ್ರಿತ ಪ್ರತಿಯೊಡನೆ ಸಾಲು ಸಾಲಾಗಿ ಹೋಲಿಸಬೇಕು. ಫ್ಲಾಪಿಗಳೂ ಮನೆಯಲ್ಲಿ ಬರೆದ ಸಿಡಿಗಳೂ ಕಾಲ ಕಳೆದಂತೆ ಓದಲಾರದ ಸ್ಥಿತಿಗೆ ಬರುತ್ತವೆ. ಅವನ್ನು ಓದುವ ಡ್ರೈವ್ ಇರುವ ಕಂಪ್ಯೂಟರುಗಳೂ ಕಡಿಮೆಯಾಗುತ್ತಿವೆ. ಮನೆಯ ಕಪಾಟಿನಲ್ಲಿ ಅಂಥದೇನಾದರೂ ಇದ್ದವರು ಪರಿವರ್ತನೆಯನ್ನು ಮುಂದಕ್ಕೆ ಹಾಕಿದರೂ ಚಿಂತೆಯಿಲ್ಲ, ಕಡತವನ್ನೂ ಅದಕ್ಕೆ ಬಳಸಿದ ಫಾಂಟನ್ನೂ ಒಂದೇ ಕಡೆ ನಕಲು ಮಾಡಿಡುವ ಕೆಲಸವನ್ನು ಈ ವಾರವೇ ಮಾಡಿಬಿಡಬೇಕು.